ಬಾರ್ಹಮ್ ಪಾರ್ಕಿನ ಹಾಲಿನವರು

ಹೋದ ವರ್ಷ ಈ ಸಂಚಿಕೆಗೆ ಏನಾದರೂ ಬರೀರಿ ಅಂತ ಕೇಳಿದಾಗ "ನಾನು ವೈರ್ ಎಳೆಯೋನು ಸಾರ್, ಬರೆಯೋನಲ್ಲ" ಅಂತ ಹೇಳಿ ತಪ್ಪಿಸಿಕೊಂಡಿದ್ದೆ. ಈ ಸಲ ಒಪ್ಪಿಕೊಂಡೆ. ಅದಕ್ಕೆ ಕಾರಣ ಒಂದು ಪಾರ್ಕು.

ಲಂಡನ್ನಿನ ವಾಯವ್ಯಕ್ಕೆ, ವೆಂಬ್ಲಿಯ ಪಕ್ಕದಲ್ಲಿ ಸಡ್ಬರಿ ಅಂತ ಒಂದು ಜಾಗ ಇದೆ. ಅಲ್ಲಿ ಹಳೇ ಮನೆಯೊಂದರ ಫ್ಯೂಸ್ ಬೋರ್ಡ್ ಬದಲಾಯಿಸೋ ಕೆಲಸ ಮೂರು ದಿನ ಇತ್ತು. ಮನೆಯೊಳಗೆ ಕರೆಂಟ್ ಇಲ್ಲ, ಹೀಟರ್ ಇಲ್ಲ, ಹೊರಗೇ ಬಿಸಿಲು ಬೆಚ್ಚಗಿತ್ತು. ಹಾಗಾಗಿ ಮಧ್ಯಾಹ್ನ ಬುತ್ತಿ ತಗೊಂಡು ಹತ್ತಿರದ ಪಾರ್ಕಿಗೆ ಹೋಗುತ್ತಿದ್ದೆ. ಗೇಟಿನ ಹತ್ತಿರ ಬಾರ್ಹಮ್ ಪಾರ್ಕ್ ಅಂತ ಬೋರ್ಡು. ಈ ಊರಲ್ಲಿ ಪಾರ್ಕಿಗೆ ಹೆಸರಿದ್ದರೆ ಅದು ಯಾವುದೋ ಲಾರ್ಡಿನದು, ಇಲ್ಲಾ ಯುದ್ಧ ಗೆದ್ದು ಬಂದ ಜನರಲ್‌ನದು ಅಂತ ನಾನು ತಿಳಿದಿದ್ದೆ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಗುಜರಾತಿ ಅಜ್ಜಿಯೊಬ್ಬರು ಹಿಂದಿಯಲ್ಲಿ ಹೇಳಿದರು: "ಲಾರ್ಡೂ ಇಲ್ಲ, ಗೀರ್ಡೂ ಇಲ್ಲ ಬೇಟಾ. ಇದು ದೂಧ್‌ವಾಲಾ ಕೊಟ್ಟ ಜಾಗ."

ದೂಧ್‌ವಾಲಾ! ಆ ಮಾತು ತಲೆಯಲ್ಲಿ ಉಳಿಯಿತು. ಯಾಕೆಂದರೆ ನಾನೂ ಹಾಲಿನ ಮನೆಯವನೇ. ಚನ್ನರಾಯಪಟ್ಟಣದ ಕಡೆ ನಮ್ಮ ಹಳ್ಳಿ. ಒಂದು ಎಮ್ಮೆ, ಎರಡು ಸೀಮೆಹಸು. ಬೆಳಗ್ಗೆ ಐದೂವರೆಗೆ ಅವ್ವ ಹಾಲು ಕರೆದು ಕೊಟ್ಟರೆ ಕ್ಯಾನ್ ಹಿಡಿದು ಡೈರಿಗೆ ಓಡುವುದು ನನ್ನ ಕೆಲಸ. ಅಲ್ಲಿ ಫ್ಯಾಟ್ ನೋಡಬೇಕು, ಡಿಗ್ರಿ ನೋಡಬೇಕು, ಪುಸ್ತಕದಲ್ಲಿ ಬರೆಸಬೇಕು. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಓದಿದ ಎರಡು ವರ್ಷದ ಫೀಸು, ಬಸ್ ಪಾಸು, ಟೆಸ್ಟರ್, ಕಟಿಂಗ್ ಪ್ಲೇಯರ್ ಎಲ್ಲಾ ಆ ಬಟವಾಡೆ ದುಡ್ಡಿನಿಂದಲೇ ಬಂದದ್ದು. ಆಮೇಲೆ ಆರು ವರ್ಷ ದುಬೈ, ಈಗ ಇಲ್ಲಿ. ಹಾಲು ಮಾರಿದವನು ಈ ದೇಶದಲ್ಲಿ ಪಾರ್ಕು ಬಿಟ್ಟು ಹೋಗುವಷ್ಟು ಹೇಗೆ ಬೆಳೆದ ಅಂತ ತಿಳಿಯಬೇಕು ಅನ್ನಿಸಿತು. ಕೆಲಸವಿಲ್ಲದ ಕೆಲವು ಶನಿವಾರ ಲೈಬ್ರರಿಯಲ್ಲಿ ಕೂತೆ. ಅಲ್ಲಿ ಸಿಕ್ಕಿದ್ದು ಒಬ್ಬನ ಕಥೆಯಲ್ಲ, ಅಪ್ಪ ಮಗ ಇಬ್ಬರ ಕಥೆ.

ಅಪ್ಪನ ಹೆಸರು ಜಾರ್ಜ್ ಬಾರ್ಹಮ್. ಹುಟ್ಟಿದ್ದು 1836ರಲ್ಲಿ, ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯಲ್ಲಿ. ಪಾಸ್‌ಪೋರ್ಟ್ ವಿಷಯಕ್ಕೆ ಆಲ್ಡ್‌ವಿಚ್‌ನ ಇಂಡಿಯಾ ಹೌಸ್ ಕಡೆ ಹೋದವರಿಗೆ ಆ ಬೀದಿ ಗೊತ್ತಿರುತ್ತೆ, ಅದಕ್ಕೆ ತಾಗಿಕೊಂಡೇ ಇದೆ. ಇವತ್ತು ಅಲ್ಲಿ ಥಿಯೇಟರು, ಹೋಟೆಲು, ದೊಡ್ಡ ದೊಡ್ಡ ಆಫೀಸು. ಆಗ ಜಾರ್ಜನ ತಂದೆ ಅಲ್ಲಿ ಹಾಲು ಮಾರುತ್ತಿದ್ದ.

ಆ ಕಾಲದ ಲಂಡನ್ನಿಗೆ ಹಾಲು ಎಲ್ಲಿಂದ ಬರುತ್ತಿತ್ತು ಅಂದುಕೊಂಡಿರಿ? ಊರೊಳಗಿಂದಲೇ. ಬೀದಿ ಹಿಂದಿನ ಅಂಗಳಗಳಲ್ಲಿ, ಸಂದುಗಳಲ್ಲಿ, ಕೆಲವು ಕಡೆ ನೆಲಮಾಳಿಗೆಯಲ್ಲಿ ಕೂಡ ಹಸು ಕಟ್ಟಿರುತ್ತಿದ್ದರು. ಹುಲ್ಲು ಎಲ್ಲಿಂದ ತರಬೇಕು? ಬಿಯರ್ ತಯಾರಿಸುವ ಕಡೆಯಿಂದ ಹಿಂಡಿ ಬಿಸಾಕಿದ ಧಾನ್ಯದ ಗಸಿ ತಂದು ತಿನ್ನಿಸುತ್ತಿದ್ದರು. ಗಾಳಿ ಬೆಳಕು ಕಾಣದೆ ಹಸು ನಿಂತಲ್ಲೇ ನಿಂತಿರುತ್ತಿತ್ತು. ಕರೆಯುವಷ್ಟು ದಿನ ಕರೆದು, ಬತ್ತಿದ ಮೇಲೆ ಕಟುಕರಿಗೆ ಕೊಟ್ಟು, ಹೊಸದನ್ನು ತಂದು ಕಟ್ಟುತ್ತಿದ್ದರು. ಸೇಂಟ್ ಜೇಮ್ಸ್ ಪಾರ್ಕಿನಲ್ಲಿ, ಅರಮನೆ ಎದುರಿಗೇ ಹಸು ಕಟ್ಟಿಕೊಂಡು ಲೋಟ ಲೆಕ್ಕದಲ್ಲಿ ಹಾಲು ಮಾರುವವರು 1905ರ ತನಕ ಇದ್ದರಂತೆ. ನಮ್ಮ ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಮನೆ ಮುಂದೆಯೇ ಹಸು ತಂದು ಕರೆದುಕೊಡುತ್ತಿದ್ದವರನ್ನು ನೋಡಿದವರಿಗೆ ಇದು ವಿಚಿತ್ರ ಅನ್ನಿಸೋದಿಲ್ಲ.

ಇನ್ನು ನೀರಿನ ವಿಷಯ. ಹಾಲಿಗೆ ನೀರು ಹಾಕುವ ವಿದ್ಯೆಗೆ ಜಾತಿ ಇಲ್ಲ, ದೇಶ ಇಲ್ಲ. ಆಗಿನ ಲಂಡನ್ ಜನ ಬೀದಿಯ ನೀರಿನ ಪಂಪಿಗೆ 'ಕಬ್ಬಿಣದ ಬಾಲದ ಹಸು' ಅಂತ ಅಡ್ಡಹೆಸರು ಇಟ್ಟಿದ್ದರು. ಆರ್ಥರ್ ಹಿಲ್ ಹಸಲ್ ಅನ್ನೋ ಡಾಕ್ಟರು 1850ರ ದಶಕದ ಶುರುವಿನಲ್ಲಿ ಊರಿನ ಅಂಗಡಿ ಅಂಗಡಿ ತಿರುಗಿ ಬ್ರೆಡ್ಡು, ಕಾಫಿ, ಹಾಲು ಎಲ್ಲಾ ಮೈಕ್ರೋಸ್ಕೋಪಿನಲ್ಲಿ ನೋಡಿ, ಕಲಬೆರಕೆ ಮಾಡಿದವರ ಹೆಸರು ವಿಳಾಸದ ಸಮೇತ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಾನೂನು ಗಟ್ಟಿಯಾಗಿ ಬಂದದ್ದು ಮಾತ್ರ 1875ರಲ್ಲಿ. ಅಲ್ಲಿಯ ತನಕ ಹಾಲಿನವನು ಅಂದರೆ ಅನುಮಾನದಿಂದ ನೋಡುವ ಕಾಲ. ಜಾರ್ಜ್ ವ್ಯಾಪಾರಕ್ಕೆ ಇಳಿದದ್ದು ಈ ಕಾಲದಲ್ಲಿ.

1864ರಲ್ಲಿ ಆತ ಒಂದು ಕಂಪನಿ ಶುರು ಮಾಡಿದ. ಆಮೇಲೆ ಅದು ಎಕ್ಸ್‌ಪ್ರೆಸ್ ಡೈರಿ ಅಂತ ಹೆಸರಾಯಿತು. ಹೆಸರಿನಲ್ಲೇ ಅದರ ಗುಟ್ಟು ಇದೆ. ಊರೊಳಗಿನ ಕತ್ತಲೆ ಹಟ್ಟಿಯ ಹಾಲು ಬೇಡ, ಹಳ್ಳಿಯಲ್ಲಿ ಹುಲ್ಲು ಮೇಯುವ ಹಸುವಿನ ಹಾಲನ್ನು ಎಕ್ಸ್‌ಪ್ರೆಸ್ ರೈಲಿನಲ್ಲಿ ತರಿಸಿ ಮಾರುತ್ತೇನೆ ಅಂತ ಹೊರಟ. ಜನಕ್ಕೆ ಮೊದಲು ಇದು ಹಿಡಿಸಲಿಲ್ಲ ಅಂತ ಕಾಣುತ್ತೆ. ಪಕ್ಕದ ಸಂದಿನ ಹಸುವಿನ ಬೆಚ್ಚಗಿನ ಹಾಲೇ ತಾಜಾ, ರೈಲಿನಲ್ಲಿ ಕುಲುಕಿಕೊಂಡು ಬಂದದ್ದು ಹಳೇದು ಅನ್ನೋ ನಂಬಿಕೆ. ನಮ್ಮ ಊರಲ್ಲೂ ಪ್ಯಾಕೆಟ್ ಹಾಲು ಬಂದಾಗ ಹಿರಿಯರು ಇದನ್ನೇ ಹೇಳಿದ್ದು. ಅವರು ಹೇಳಿದ್ದರಲ್ಲಿ ಸ್ವಲ್ಪ ನಿಜವೂ ಇತ್ತು, ಅದಕ್ಕೆ ಆಮೇಲೆ ಬರ್ತೀನಿ.

ಮರುವರ್ಷ, 1865ರ ಜೂನ್ ತಿಂಗಳಲ್ಲಿ, ಲಂಡನ್ನಿನ ಹಟ್ಟಿಗಳಿಗೆ ರಿಂಡರ್‌ಪೆಸ್ಟ್ ಬಂತು. ನಮ್ಮ ಕಡೆ ಅಜ್ಜಂದಿರು 'ದೊಡ್ಡರೋಗ' ಅಂತಿದ್ದರಲ್ಲ, ಅದೇ. ಹಡಗಿನಲ್ಲಿ ಹೊರದೇಶದಿಂದ ಬಂದ ದನಗಳ ಜೊತೆ ಬಂದ ರೋಗ. ಒತ್ತೊತ್ತಾಗಿ ಕಟ್ಟಿದ್ದ ಪಟ್ಟಣದ ಹಸುಗಳು ಸಾಲುಸಾಲಾಗಿ ಸತ್ತವು. ಮುಂದಿನ ಎರಡು ವರ್ಷದಲ್ಲಿ ದೇಶದಲ್ಲೆಲ್ಲಾ ಲಕ್ಷಗಟ್ಟಲೆ ದನ ಹೋದವು. ಔಷಧಿ ಇಲ್ಲ, ಲಸಿಕೆ ಇಲ್ಲ. 1866ರಲ್ಲಿ ಕಾನೂನು ಮಾಡಿ, ರೋಗ ಕಂಡ ದನವನ್ನು ಕೊಂದೇ ಅದನ್ನು ನಿಲ್ಲಿಸಬೇಕಾಯಿತು. ಈ ರೋಗ ಭೂಮಿಯಿಂದಲೇ ಹೋಯಿತು ಅಂತ ಘೋಷಣೆ ಆದದ್ದು ತೀರಾ ಇತ್ತೀಚೆಗೆ, 2011ರಲ್ಲಿ. ನಮ್ಮಜ್ಜಿ ದೊಡ್ಡರೋಗದ ಹೆಸರು ಎತ್ತಿದರೆ ಸಾಕು, ದೀಪ ಹಚ್ಚುವ ಹೊತ್ತಲ್ಲಿ ಆ ಮಾತು ಆಡಬೇಡಿ ಅನ್ನೋರು. ಒಂದು ಹಟ್ಟಿ ಖಾಲಿ ಆಗೋದು ಅಂದರೆ ಏನು ಅಂತ ಅವರಿಗೆ ಗೊತ್ತಿತ್ತು.

ಲಂಡನ್ನಿನ ಹಟ್ಟಿಗಳು ಖಾಲಿ ಆದವು. ಊರಿಗೆ ಹಾಲು ಬೇಕೇ ಬೇಕು. ರೈಲಿನ ಹಾಲಿನ ದಾರಿ ಗೊತ್ತಿದ್ದ ಜಾರ್ಜನಿಗೆ ದಾರಿ ತೆರೆದುಕೊಂಡಿತು. ಒಬ್ಬರ ಹಟ್ಟಿ ಹಾಳಾದದ್ದು ಇನ್ನೊಬ್ಬರ ವ್ಯಾಪಾರ ಬೆಳೆದದ್ದು ಒಂದೇ ವರ್ಷದಲ್ಲಿ. ಇದನ್ನು ಆತನ ಬುದ್ಧಿವಂತಿಕೆ ಅಂತ ಹೊಗಳುವ ಬರಹಗಳಿವೆ. ನನಗೆ ಅಷ್ಟು ಸುಲಭವಾಗಿ ಹೊಗಳೋಕೆ ಆಗಲ್ಲ. ಬುದ್ಧಿ ಇತ್ತು, ನಿಜ. ಆದರೆ ಒಂದು ವರ್ಷ ಮುಂಚೆ ಶುರು ಮಾಡಿದ್ದು ಅದೃಷ್ಟ. ಕೊರೊನಾ ವರ್ಷದಲ್ಲಿ ಯಾರ ಅಂಗಡಿ ಮುಚ್ಚಿತು, ಯಾರದು ಬೆಳೆಯಿತು ಅಂತ ನಾವೆಲ್ಲಾ ಕಣ್ಣಾರೆ ನೋಡಿದ್ದೀವಲ್ಲ.

ಆದರೂ ಅದೃಷ್ಟವೊಂದೇ ಸಾಕಾಗುತ್ತಿರಲಿಲ್ಲ. ಇಲ್ಲಿ ಕಸುಬಿನ ವಿಷಯ ಬರುತ್ತೆ, ನನಗೆ ಇಷ್ಟವಾದ ಭಾಗ ಇದೇ. ಕರೆದ ಹಾಲು ಹಸುವಿನ ಮೈಯಷ್ಟೇ ಬಿಸಿ ಇರುತ್ತೆ. ಬಿಸಿಬಿಸಿಯಾಗಿ ಕ್ಯಾನಿಗೆ ತುಂಬಿ ಮುಚ್ಚಿದರೆ ನೂರಾರು ಮೈಲಿ ಬರುವಷ್ಟರಲ್ಲಿ ಹುಳಿ ಬಂದಿರುತ್ತೆ. ಹಿರಿಯರು ಹೇಳಿದ ನಿಜ ಅಂದೆನಲ್ಲ, ಅದು ಇದು. ಹಾಗಾಗಿ ಹಳ್ಳಿಯಲ್ಲೇ ಹಾಲನ್ನು ತಣ್ಣಗೆ ಮಾಡಿ ಕಳಿಸಬೇಕು. ಅದಕ್ಕೆ ಒಂದು ಸಾಧನ ಬಂತು: ನಮ್ಮ ಕಡೆಯ ಸುಕ್ಕು ತಗಡಿನ ಹಾಗೆ ಅಲೆಅಲೆಯಾದ ಲೋಹದ ಹಲಗೆ. ಒಳಗಡೆ ತಣ್ಣೀರು ಹರಿಯುತ್ತೆ, ಹೊರಮೈ ಮೇಲೆ ಹಾಲು ತೆಳುವಾಗಿ ಇಳಿಯುತ್ತೆ. ಕೆಳಗೆ ಬರುವಷ್ಟರಲ್ಲಿ ಶಾಖ ನೀರಿಗೆ ಹೋಗಿರುತ್ತೆ. ಕರೆಂಟ್ ಬೇಡ, ಐಸ್ ಬೇಡ, ಬಾವಿ ನೀರಿದ್ದರೆ ಸಾಕು. ಏಸಿ ಕೆಲಸ ಗೊತ್ತಿರುವ ನಮ್ಮ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಣ್ಣಗಾದ ಹಾಲನ್ನು ಕೆಳಗೆ ಅಗಲ ಮೇಲೆ ಕಿರಿದಾದ ದೊಡ್ಡ ಕ್ಯಾನಿಗೆ ತುಂಬುತ್ತಿದ್ದರು. ಇಲ್ಲಿ ಅದಕ್ಕೆ ಚರ್ನ್ ಅಂತಾರೆ. ಒಂದಕ್ಕೆ 17 ಗ್ಯಾಲನ್, ಅಂದರೆ ಹತ್ತಿರಹತ್ತಿರ 77 ಲೀಟರು. ತುಂಬಿದಾಗ ನೂರು ಕಿಲೋ ದಾಟುತ್ತೆ. ರೈಲ್ವೆ ಪೋರ್ಟರುಗಳು ಅದನ್ನು ಎತ್ತುತ್ತಿರಲಿಲ್ಲ. ಓರೆ ಮಾಡಿ, ತಳದ ಅಂಚಿನ ಮೇಲೆ ತಿರುಗಿಸಿಕೊಂಡು ಉರುಳಿಸಿಕೊಂಡು ಹೋಗುತ್ತಿದ್ದರು. ನಮ್ಮಲ್ಲಿ ಗ್ಯಾಸ್ ಸಿಲಿಂಡರ್ ಉರುಳಿಸುವ ಹಾಗೇ. ನಾನೂ ಕೇಬಲ್ ಡ್ರಮ್ ಹೀಗೆ ಉರುಳಿಸಿ ಸೊಂಟ ಹಿಡಿಸಿಕೊಂಡವನು, ಅದಕ್ಕೇ ಇದನ್ನು ಓದಿದಾಗ ಜಾರ್ಜನಿಗಿಂತ ಆ ಪೋರ್ಟರುಗಳೇ ಕಣ್ಣ ಮುಂದೆ ಬಂದರು.

ಸ್ಟೇಷನ್ನಿನಿಂದ ಹಾಲು ಅಂಗಡಿಗೆ, ಅಲ್ಲಿಂದ ಕೈಗಾಡಿಯಲ್ಲಿ ಮನೆಮನೆಗೆ. ಫ್ರಿಜ್ ಇಲ್ಲದ ಕಾಲ, ಹಾಗಾಗಿ ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಬಾಗಿಲಿಗೆ ಹೋಗಬೇಕು. ಚಳಿ, ಮಂಜು, ಭಾನುವಾರ, ಹಬ್ಬ ಯಾವುದಕ್ಕೂ ರಜೆ ಇಲ್ಲ. ಹಸು ರಜೆ ಹಾಕೋದಿಲ್ಲವಲ್ಲ! ಈ ಕೆಲಸಕ್ಕೆ ಲಂಡನ್ನಿಗೆ ಬಂದವರಲ್ಲಿ ವೇಲ್ಸ್ ಕಡೆಯವರು ಬಹಳ. ಬೇರೆ ಭಾಷೆಯ ಜನ, ಮಳೆ ಜಾಸ್ತಿ ಭೂಮಿ ಕಮ್ಮಿ ಇರುವ ಊರುಗಳವರು. ಗಂಡ ಹೆಂಡತಿ ಇಬ್ಬರೂ ದುಡಿದು ಸಣ್ಣ ಹಾಲಿನ ಅಂಗಡಿ ಇಟ್ಟು, ಭಾನುವಾರ ತಮ್ಮ ಭಾಷೆಯ ಚರ್ಚಿನಲ್ಲಿ ಸೇರಿ, ತಮ್ಮ ಭಾಷೆಯಲ್ಲಿ ಹಾಡಿಕೊಂಡು, ಊರಲ್ಲಿ ಭೂಮಿ ತಗೊಳ್ಳೋಕೆ ದುಡ್ಡು ಕಳಿಸುತ್ತಿದ್ದರು. ಇದನ್ನು ಓದಿ ನನಗೆ ನಗು ಬಂತು. ನಮ್ಮ ಬಳಗದ ಕಥೆಯೇ ಅಲ್ಲವಾ ಇದು, ಚರ್ಚು ತೆಗೆದು ರಾಜ್ಯೋತ್ಸವ ಹಾಕಿದರೆ ಆಯಿತು.

ಎಕ್ಸ್‌ಪ್ರೆಸ್ ಡೈರಿ ಬೆಳೆಯಿತು. ಹಾಲಿನ ಅಂಗಡಿಗಳ ಜೊತೆ ಟೀ ಅಂಗಡಿಗಳೂ ಬಂದವು. ಫಿಂಚ್ಲಿಯಲ್ಲಿ ಒಂದು ಹಳೇ ಫಾರಂ ಹಿಡಿದು, 1883ರಲ್ಲಿ ಅದನ್ನು ಕಾಲೇಜ್ ಫಾರಂ ಅಂತ ಹೊಸದಾಗಿ ಕಟ್ಟಿಸಿದ. ಅದು ಮಾದರಿ ಡೈರಿ. ಗೋಡೆಗೆಲ್ಲಾ ಟೈಲ್ಸು, ಹಸುಗಳಿಗೆ ಗಾಳಿ ಬೆಳಕಿನ ಕೊಟ್ಟಿಗೆ, ಮತ್ತೆ ಮುಖ್ಯವಾಗಿ ಜನ ಬಂದು ನೋಡಬಹುದು. ಹಾಲಿನವನ ಮೇಲೆ ಅನುಮಾನ ಇದ್ದ ಊರಲ್ಲಿ 'ಬನ್ನಿ, ನಿಮ್ಮ ಕಣ್ಣಾರೆ ನೋಡಿ' ಅಂತ ಬಾಗಿಲು ತೆಗೆದದ್ದು. ನಮ್ಮ ಡೈರಿಯಲ್ಲಿ ಎಲ್ಲರ ಎದುರೇ ಲ್ಯಾಕ್ಟೋಮೀಟರ್ ಬಿಡುತ್ತಾರಲ್ಲ, ಅದೇ ಉಪಾಯ, ಸ್ವಲ್ಪ ದೊಡ್ಡದಾಗಿ. ಆ ಫಾರಂ ಕಟ್ಟಡ ಇವತ್ತಿಗೂ ನಿಂತಿದೆ. ಹಾಗೆಯೇ ಡೈರಿ ಸಾಮಾನು ಮಾರೋಕೆ ಡೈರಿ ಸಪ್ಲೈ ಕಂಪನಿ ಅಂತ ಬೇರೆ ಸಂಸ್ಥೆ ಮಾಡಿದ. ಬ್ರಿಟಿಷ್ ಮ್ಯೂಸಿಯಂ ಹತ್ತಿರ ಕಾಪ್ಟಿಕ್ ಸ್ಟ್ರೀಟಿನಲ್ಲಿ 1888ರ ಅದರ ಕಟ್ಟಡ ಇದೆ, ಈಗ ಅದು ಪಿಜ್ಜಾ ಹೋಟೆಲು. ಮ್ಯೂಸಿಯಮ್ಮಿಗೆ ಹೋದಾಗ ತಲೆ ಎತ್ತಿ ನೋಡಿ, ಗೋಡೆ ಮೇಲೆ ಕಂಪನಿ ಹೆಸರು ಹಾಗೇ ಇದೆ.

1904ರಲ್ಲಿ ಜಾರ್ಜನಿಗೆ ಸರ್ ಪದವಿ ಬಂತು. ಮರುವರ್ಷ ಹ್ಯಾಂಪ್‌ಸ್ಟೆಡ್‌ನ ಮೇಯರ್ ಆದ. ಹ್ಯಾಂಪ್‌ಸ್ಟೆಡ್ ಅಂದರೆ ಲಂಡನ್ನಿನ ಉತ್ತರಕ್ಕೆ ಗುಡ್ಡದ ಮೇಲಿನ ಊರು, ಅನುಕೂಲಸ್ಥರು ಇರೋ ಜಾಗ. ಆಗ ಅದಕ್ಕೆ ತನ್ನದೇ ಕೌನ್ಸಿಲ್ ಇತ್ತು. ಮೇಯರ್ ಅಂದ ಕೂಡಲೇ ದೊಡ್ಡ ಅಧಿಕಾರ ಅಂದುಕೊಳ್ಳಬೇಡಿ. ನಮ್ಮ ಬೆಂಗಳೂರು ಪಾಲಿಕೆಗೆ ಹಿಂದೆ ಇದ್ದ ಮೇಯರ್ ಹಾಗೆ, ಜನ ನೇರ ಆರಿಸೋದಲ್ಲ, ಕೌನ್ಸಿಲಿನವರು ಒಂದು ವರ್ಷಕ್ಕೆ ಆರಿಸೋದು. ಕೊರಳಿಗೆ ಭಾರದ ಸರ, ಸಭೆಗೆ ಅಧ್ಯಕ್ಷತೆ, ಉದ್ಘಾಟನೆಗೆ ಕತ್ತರಿ. ಆದರೆ ಸ್ಟ್ರ್ಯಾಂಡಿನ ಹಾಲಿನವನ ಮಗನಿಗೆ ಆ ಸರ ಸಿಕ್ಕಿದ್ದು ಸಣ್ಣ ಮಾತಲ್ಲ. ಹಾಲಿಗೆ ನೀರು ಹಾಕೋನು ಅಂತ ಊರೆಲ್ಲಾ ಆಡಿಕೊಳ್ಳುತ್ತಿದ್ದ ಕಸುಬಿನವನು ಅದೇ ಊರಿನ ಮೊದಲ ಪ್ರಜೆ ಅನ್ನಿಸಿಕೊಂಡ. ದುಡ್ಡು ಬಂದರೆ ಎಲ್ಲಾ ಬರುತ್ತೆ ಅಂತ ಹೇಳುವವರೂ ಇರಬಹುದು. ಇರಲಿ. 1913ರಲ್ಲಿ ಆತ ತೀರಿಕೊಂಡ.

ಇನ್ನು ಮಗನ ಕಥೆ. ಜಾರ್ಜ್ ಟೈಟಸ್ ಬಾರ್ಹಮ್. ಎಲ್ಲರೂ ಕರೆಯುತ್ತಿದ್ದದ್ದು ಟೈಟಸ್ ಅಂತ. ಇನ್ನೊಬ್ಬ ಮಗ ಆರ್ಥರ್ ಡೈರಿ ಸಪ್ಲೈ ಕಂಪನಿ ನೋಡಿಕೊಂಡ. ಮೊದಲ ಮಹಾಯುದ್ಧದ ಕಾಲದಲ್ಲಿ ಆ ಕಂಪನಿ ಬೇರೆ ಡೈರಿಗಳ ಜೊತೆ ಸೇರಿ ಯುನೈಟೆಡ್ ಡೈರೀಸ್ ಅಂತ ಆಯಿತು. ಟೈಟಸ್ ಕೈಯಲ್ಲಿ ಎಕ್ಸ್‌ಪ್ರೆಸ್ ಉಳಿಯಿತು. ಅಂದರೆ ಒಬ್ಬ ಅಪ್ಪನ ಇಬ್ಬರು ಮಕ್ಕಳು ಒಂದೇ ಊರಿನಲ್ಲಿ ಹಾಲಿನ ಎರಡು ದೊಡ್ಡ ಕಂಪನಿಗಳ ಎದುರುಬದುರು. ಅಣ್ಣತಮ್ಮಂದಿರ ಪಾಲಿನ ವಿಷಯ ನಮಗೆ ಹೊಸದಲ್ಲ, ನಾನು ಅದರೊಳಗೆ ಹೋಗಲ್ಲ.

ಟೈಟಸ್ ಇದ್ದದ್ದು ಸಡ್ಬರಿಯಲ್ಲಿ, ಅಪ್ಪ ಕೊಂಡಿದ್ದ ಜಮೀನಿನ ಮಧ್ಯೆ ಒಂದು ಬಂಗಲೆಯಲ್ಲಿ. ಸುತ್ತ ಹುಲ್ಲುಗಾವಲು, ಹಸುಗಳ ಫಾರಂ, ತೋಟ. ಆಗ ವೆಂಬ್ಲಿ ಅಂದರೆ ಹಳ್ಳಿಯೇ. ಇವತ್ತು ಈಲಿಂಗ್ ರೋಡಿನಲ್ಲಿ ಸೀರೆ ಅಂಗಡಿ, ಪಾನ್ ಅಂಗಡಿ, ದೇವಸ್ಥಾನ ನೋಡಿ 'ಇದು ಇಂಗ್ಲೆಂಡಾ' ಅನ್ನುವ ನಮಗೆ ಆ ಹಳ್ಳಿ ಊಹಿಸಿಕೊಳ್ಳೋದು ಕಷ್ಟ. ಅದು ಬದಲಾದದ್ದು ಟೈಟಸ್‌ನ ಕಣ್ಣೆದುರೇ. ರೈಲು ಬಂತು, ಸಾಲು ಮನೆ ಬಂದವು. 1923ರಲ್ಲಿ ದೊಡ್ಡ ಸ್ಟೇಡಿಯಂ ತೆರೆಯಿತು. 1924 ಮತ್ತು 25ರಲ್ಲಿ ಅದರ ಸುತ್ತ ಬ್ರಿಟಿಷ್ ಸಾಮ್ರಾಜ್ಯದ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಇಂಡಿಯಾಕ್ಕೂ ಅಲ್ಲಿ ಒಂದು ಮಂಟಪ ಇತ್ತು. ಕೆನಡಾದವರು ಯುವರಾಜನ ಆಳೆತ್ತರದ ಮೂರ್ತಿಯನ್ನು ಬೆಣ್ಣೆಯಲ್ಲಿ ಮಾಡಿ ಗಾಜಿನ ಹಿಂದೆ ಶೈತ್ಯಯಂತ್ರ ಇಟ್ಟು ನಿಲ್ಲಿಸಿದ್ದರು! ಹಾಲಿನ ವ್ಯಾಪಾರಿ ಟೈಟಸ್ ಅದನ್ನು ನೋಡಿ ಏನಂದುಕೊಂಡನೋ. ನನಗಂತೂ ಆ ಶೈತ್ಯಯಂತ್ರಕ್ಕೆ ಕರೆಂಟ್ ಹೋಗಿದ್ದರೆ ಏನಾಗುತ್ತಿತ್ತು ಅನ್ನೋದೇ ಚಿಂತೆ.

ಹೀಗೆ ಹುಲ್ಲುಗಾವಲು ಹೋಗಿ ಮನೆಗಳಾದಾಗ, ಆ ಮನೆಗಳ ಬಾಗಿಲಿಗೇ ಟೈಟಸ್‌ನ ಕಂಪನಿಯ ಹಾಲು. ಅವನಿಗೆ ನಷ್ಟವೇನೂ ಇಲ್ಲ. ಆದರೆ ಹೊಸದಾಗಿ ಬಂದ ಜನಕ್ಕೆ ಆಸ್ಪತ್ರೆ ಬೇಕು, ಮಕ್ಕಳಿಗೆ ಆಡೋಕೆ ಜಾಗ ಬೇಕು. ವೆಂಬ್ಲಿಯ ಆಸ್ಪತ್ರೆಗೆ ಆತ ನೆರವಾದ. ತನ್ನ ತೋಟದ ಗೇಟನ್ನು ಊರಿನವರಿಗೆ ತೆಗೆಯುತ್ತಿದ್ದ. ಅಪ್ಪ ಫಿಂಚ್ಲಿಯಲ್ಲಿ ಗಿರಾಕಿಗಳಿಗೆ ಬಾಗಿಲು ತೆಗೆದ, ಮಗ ಸಡ್ಬರಿಯಲ್ಲಿ ಅಕ್ಕಪಕ್ಕದವರಿಗೆ ತೆಗೆದ. ಮೊದಲನೆಯದು ವ್ಯಾಪಾರ. ಎರಡನೆಯದರಲ್ಲಿ ವ್ಯಾಪಾರ ಎಷ್ಟು, ಪ್ರೀತಿ ಎಷ್ಟು ಅಂತ ಫ್ಯಾಟ್ ತೆಗೆದು ನೋಡೋಕೆ ನಮ್ಮ ಹತ್ತಿರ ಮಿಷನ್ ಇಲ್ಲ. ಎಷ್ಟಿದ್ದರೂ ಗೇಟು ತೆಗೆದದ್ದು ತೆಗೆದದ್ದೇ.

1937ರಲ್ಲಿ ವೆಂಬ್ಲಿಗೆ ಬರೋ ಪದವಿ ಸಿಕ್ಕಿತು. ನಮ್ಮಲ್ಲಿ ಪಟ್ಟಣ ಪಂಚಾಯಿತಿ ಪುರಸಭೆ ಆಗಿ, ಪುರಸಭೆ ನಗರಸಭೆ ಆಗುತ್ತಲ್ಲ, ಹಾಗೆ ಒಂದು ಮೆಟ್ಟಿಲು. ರಾಜನ ಸನ್ನದು ಬರುತ್ತೆ, ಅದನ್ನು ಮೆರವಣಿಗೆಯಲ್ಲಿ ತಂದು ಓದುತ್ತಾರೆ, ಆ ದಿನ ಊರಿಗೆ ಮೊಟ್ಟಮೊದಲ ಮೇಯರ್. ಅದಕ್ಕೆ ಊರಿನವರು ಆರಿಸಿದ್ದು ಟೈಟಸ್‌ನನ್ನು. ಎಪ್ಪತ್ತು ದಾಟಿದ ಮುದುಕ. ಊರೆಲ್ಲಾ ತಯಾರಾಗಿತ್ತು. ಜುಲೈ ತಿಂಗಳಲ್ಲಿ, ಆತ ಆ ಕುರ್ಚಿಯಲ್ಲಿ ಕೂರಬೇಕಿದ್ದ ದಿನವೇ ತೀರಿಕೊಂಡ.

ಇದನ್ನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಪ್ಪನಿಗೆ ಸಿಕ್ಕ ಸರ ಮಗನ ಕೊರಳಿಗೆ ಬರಲಿಲ್ಲ. ಇಷ್ಟಾಗಿ ಇವತ್ತು ಹ್ಯಾಂಪ್‌ಸ್ಟೆಡ್‌ನಲ್ಲಿ ಒಂದು ವರ್ಷ ಮೇಯರ್ ಆಗಿದ್ದ ಅಪ್ಪನ ಹೆಸರು ಯಾರಿಗೂ ನೆನಪಿಲ್ಲ, ಒಂದು ದಿನವೂ ಮೇಯರ್ ಆಗದ ಮಗನ ಹೆಸರು ಸಡ್ಬರಿಯ ಬಸ್ ಹತ್ತುವ ಮಕ್ಕಳಿಗೂ ಗೊತ್ತು. ಕಾರಣ, ಆತ ಬಂಗಲೆ, ತೋಟ, ಜಾಗ ಎಲ್ಲವನ್ನೂ ಊರಿನ ಜನ ಅನುಭವಿಸಲಿ ಅಂತ ಬರೆದಿಟ್ಟು ಹೋಗಿದ್ದ. 1938ರಲ್ಲಿ ಅದು ಊರಿಗೆ ಬಂತು. ನಾನು ಬುತ್ತಿ ಬಿಚ್ಚಿದ ಪಾರ್ಕು ಅದೇ.

ಕೊಟ್ಟದ್ದೆಲ್ಲಾ ಉಳಿಯಿತು ಅಂತ ಹೇಳಿದರೆ ಸುಳ್ಳಾಗುತ್ತೆ. ದೊಡ್ಡ ಬಂಗಲೆಯನ್ನು 1950ರ ದಶಕದಲ್ಲಿ ಕೆಡವಿದರು. 1965ರಲ್ಲಿ ವೆಂಬ್ಲಿ ಬರೋವೇ ಹೋಯಿತು, ಪಕ್ಕದ ವಿಲ್ಸ್‌ಡನ್ ಜೊತೆ ಸೇರಿ ಬ್ರೆಂಟ್ ಆಯಿತು. ಅಂದರೆ ಟೈಟಸ್ ಮೊದಲ ಮೇಯರ್ ಆಗಬೇಕಿದ್ದ ಊರಿನ ಆಯುಸ್ಸೇ 28 ವರ್ಷ. ಪಾರ್ಕಿನ ಹಳೇ ಕಟ್ಟಡದಲ್ಲಿ ಒಂದು ಲೈಬ್ರರಿ ಇತ್ತು. 2011ರಲ್ಲಿ ಕೌನ್ಸಿಲಿನ ಹತ್ತಿರ ದುಡ್ಡಿಲ್ಲ ಅಂತ ಬೇರೆ ಐದು ಲೈಬ್ರರಿಗಳ ಜೊತೆ ಇದನ್ನೂ ಮುಚ್ಚಿದರು. ಜನ ಕೋರ್ಟಿಗೆ ಹೋದರೂ ನಿಲ್ಲಲಿಲ್ಲ. ಆದರೆ ಊರಿನ ಕೆಲವರು ಬಿಡಲಿಲ್ಲ, ತಾವೇ ಸೇರಿ, ಪುಸ್ತಕ ಕೂಡಿಸಿ, ಸಂಬಳ ಇಲ್ಲದೆ ಲೈಬ್ರರಿ ನಡೆಸಿದರು. ಮರ, ಹುಲ್ಲು, ಗೋಡೆಯ ಒಳಗಿನ ಹೂದೋಟ ಉಳಿದಿವೆ.

ಕಂಪನಿ ಕಥೆಯನ್ನೂ ಮುಗಿಸಿಬಿಡ್ತೀನಿ. ಎಲೆಕ್ಟ್ರಿಷಿಯನ್ ಆಗಿ ಒಂದು ಮಾತು ಹೇಳದೆ ಇರೋಕೆ ಆಗಲ್ಲ: ಹಾಲಿನ ಗಾಡಿ ಎಳೆಯುತ್ತಿದ್ದ ಕುದುರೆಗಳ ಜಾಗಕ್ಕೆ ಈ ದೇಶದಲ್ಲಿ ಬಂದದ್ದು ಬ್ಯಾಟರಿ ಗಾಡಿ. ಎಕ್ಸ್‌ಪ್ರೆಸ್‌ನ ಹತ್ತಿರವೂ ಇಂಥವು ಬೇಕಾದಷ್ಟು ಇದ್ದವು. ರಾತ್ರಿ ಚಾರ್ಜಿಗೆ ಹಾಕಿ, ಬೆಳಗಿನ ಜಾವ ಸದ್ದಿಲ್ಲದೆ ಬೀದಿ ಬೀದಿ ನಿಂತು ನಿಂತು ಹೋಗೋಕೆ ಅದಕ್ಕಿಂತ ಒಳ್ಳೇದು ಇರಲಿಲ್ಲ. ಪೆಟ್ರೋಲ್ ಎಂಜಿನ್ ಹಾಗೆ ಹತ್ತು ಹೆಜ್ಜೆಗೆ ಒಂದು ಸಲ ನಿಲ್ಲಿಸಿದರೆ ಹಾಳಾಗುತ್ತೆ. 1967ರ ಹೊತ್ತಿಗೆ ಜಗತ್ತಿನ ಉಳಿದ ಕಡೆಯೆಲ್ಲಾ ಸೇರಿಸಿದರೂ ಬ್ರಿಟನ್ನಿನಷ್ಟು ಬ್ಯಾಟರಿ ಗಾಡಿಗಳು ರಸ್ತೆ ಮೇಲೆ ಇರಲಿಲ್ಲವಂತೆ, ಅವುಗಳಲ್ಲಿ ಹೆಚ್ಚಿನವು ಹಾಲಿನವೇ. ಈಗ ನಾವು ಮನೆಮನೆಗೆ ಕಾರ್ ಚಾರ್ಜರ್ ಕೂರಿಸುತ್ತಾ ಇದೇನೋ ಹೊಸ ಕಾಲ ಅಂತ ಹೆಮ್ಮೆ ಪಡುತ್ತೀವಿ. ಆಮೇಲೆ ಮನೆಗೆ ಫ್ರಿಜ್ ಬಂತು, ಸೂಪರ್ ಮಾರ್ಕೆಟ್ ಬಂತು, ಬಾಗಿಲಿಗೆ ಹಾಲು ಬರೋದು ಕಮ್ಮಿ ಆಯಿತು. ಕಂಪನಿ 1969ರಲ್ಲಿ ಗ್ರ್ಯಾಂಡ್ ಮೆಟ್ರೊಪಾಲಿಟನ್ ಅನ್ನೋ ಹೋಟೆಲ್ ಕಂಪನಿಯ ಕೈಗೆ ಹೋಗಿ, ಕೈ ಬದಲಾಗುತ್ತಾ 2003ರಲ್ಲಿ ಅರ್ಲಾ ಜೊತೆ ಸೇರಿತು. ನಾವು ವಾರಕ್ಕೊಮ್ಮೆ ತರುವ ಪ್ಲಾಸ್ಟಿಕ್ ಕ್ಯಾನಿನ ಹಾಲಿನಲ್ಲಿ ಆ ಅರ್ಲಾದ್ದೂ ಇರುತ್ತೆ.

ಮೇಯರ್ ವಿಷಯಕ್ಕೆ ನಮ್ಮವರ ಮಾತೂ ಒಂದಿದೆ. ಥೇಮ್ಸ್ ದಡದ ಲ್ಯಾಂಬೆತ್‌ನಲ್ಲಿ 2010ರಿಂದ ಒಂದು ವರ್ಷ ಮೇಯರ್ ಆಗಿದ್ದವರು ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್. ಅವರ ಪ್ರಯತ್ನದಿಂದ ಅಲ್ಲಿ ನದಿ ದಡದಲ್ಲಿ ನಿಂತ ಬಸವಣ್ಣನ ಮೂರ್ತಿ 2015ರ ನವೆಂಬರ್‌ನಲ್ಲಿ ಉದ್ಘಾಟನೆ ಆಯಿತು. ಹೊಸದಾಗಿ ಬಂದ ಹುಡುಗರನ್ನು ನಾವು ಮೊದಲು ಕರೆದುಕೊಂಡು ಹೋಗೋದು ಅಲ್ಲಿಗೇ. ಅಂದರೆ ಹೊರಗಿಂದ ಬಂದವರು ಇಲ್ಲಿ ಏನಾದರೂ ನಿಲ್ಲಿಸಿ ಹೋಗೋದು ಆಗದ ಮಾತೇನಲ್ಲ.

ನಾನು ಮಾತ್ರ ಊರಲ್ಲಿ ಒಂದು ಮನೆ ನಿಲ್ಲಿಸಿದ್ದೀನಿ. ದುಬೈ ದುಡ್ಡಲ್ಲಿ ತಾರಸಿ ಹಾಕಿ, ಇಲ್ಲಿಯ ದುಡ್ಡಲ್ಲಿ ಟೈಲ್ಸ್ ಹಾಕಿಸಿದ್ದು. ವೈರಿಂಗ್ ರಜೆಗೆ ಹೋದಾಗ ನಾನೇ ಮಾಡಿದೆ, ಎಲ್ಲಾ ಲೆಕ್ಕವಾಗಿ. ಮೇಲಿನ ಅಂತಸ್ತಿಗೆ ಬೀಗ. ಅವ್ವ ಕೆಳಗಡೆ ಹಳೇ ಅಡುಗೆ ಮನೆಯಲ್ಲೇ ಇರ್ತಾರೆ, ಹಟ್ಟಿಗೆ ಹತ್ತಿರ ಆಗುತ್ತೆ ಅಂತ. ಈ ಸಾಲು ಓದುವವರಲ್ಲಿ ಬೀಗ ಹಾಕಿದ ಮನೆ ಇರೋರು ನಾನೊಬ್ಬನೇ ಅಲ್ಲ ಅಂತ ಗೊತ್ತು. ಬಾರ್ಹಮ್ ಪಾರ್ಕಿನ ಬೆಂಚಲ್ಲಿ ಚಪಾತಿ ತಿನ್ನುತ್ತಾ ನನಗೆ ಆ ಬೀಗವೇ ನೆನಪಾಗುತ್ತಿತ್ತು. ನನ್ನ ಕಾಲ ಮೇಲೆ ಆ ಮೇಲಂತಸ್ತಿನ ಗೇಟು ಯಾರಿಗೆ ತೆಗೆಯುತ್ತೆ?

ಒಂದು ಭಾನುವಾರ ಫೋನಿನಲ್ಲಿ ಅವ್ವನಿಗೆ ಈ ಕಥೆ ಪೂರ್ತಿ ಹೇಳಿದೆ. ಕಬ್ಬಿಣದ ಬಾಲದ ಹಸು ಅಂದಾಗ ಜೋರಾಗಿ ನಕ್ಕರು. ಟೈಟಸ್ ಸತ್ತದ್ದು ಹೇಳಿದಾಗ "ಅಯ್ಯೋ, ಪಾಪ" ಅಂದರು. ಪಾರ್ಕು ಕೊಟ್ಟದ್ದು ಹೇಳಿದ ಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು:

"ಅದೆಲ್ಲಾ ಸರಿ ಕಣಪ್ಪಾ. ಹಾಲು ಹಾಕ್ತಿದ್ದೋರಿಗೆ ಬಟವಾಡೆ ಸರ್ಯಾಗಿ ಕೊಡ್ತಿದ್ನಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಹಸು ಕೂಗಿತು. "ಇಡ್ತೀನಿ, ಹಾಲಿನ ಹೊತ್ತಾಯ್ತು" ಅಂತ ಫೋನ್ ಇಟ್ಟರು.